ಅದು ದೋಷವೋ, ಹೊಸ ಬೇಡಿಕೆಯೋ? ಸಾಫ್ಟ್‌ವೇರ್ ಯೋಜನೆಗಳಲ್ಲಿ ಕ್ಲೈಂಟ್ ಮತ್ತು ಪೂರೈಕೆದಾರರ ಸಂಬಂಧ ಉಳಿಯುವುದು ಯಾವುದರಿಂದ?

ಅರ್ಧವಿರಾಮ:

ಎಲ್ಲರಿಗೂ ನಮಸ್ಕಾರ. ಸಾಫ್ಟ್‌ವೇರ್ ಸಿದ್ಧಪಡಿಸಿಕೊಡುವ ಸಣ್ಣ ಸಂಸ್ಥೆಯೊಂದರಲ್ಲಿ ಯೋಜನೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಸದ್ಯ ಕೈಯಲ್ಲಿರುವುದು ಆನ್‌ಲೈನ್ ಮಾರಾಟ ಸಂಸ್ಥೆಯೊಂದಕ್ಕೆ ಆರ್ಡರ್ ನಿರ್ವಹಣೆಯ ವ್ಯವಸ್ಥೆ. ಮೊತ್ತ ಮೊದಲೇ ನಿಗದಿಯಾದ ಒಪ್ಪಂದ. ಬಳಕೆದಾರರ ಅಂತಿಮ ಪರೀಕ್ಷೆಯವರೆಗೂ ಎಲ್ಲವೂ ಸುಸೂತ್ರವಾಗಿಯೇ ನಡೆದಿತ್ತು. ಆ ಪರೀಕ್ಷೆಯಲ್ಲಿ ಅವರ ಲೆಕ್ಕಪತ್ರ ವಿಭಾಗದವರು ಒಂದು ಸಂದರ್ಭವನ್ನು ಮುಂದಿಟ್ಟರು. ಖರೀದಿದಾರರೊಬ್ಬರು ಮೂರು ವಸ್ತುಗಳನ್ನು ಕೊಂಡು, ಇಡೀ ಆರ್ಡರ್‌ಗೆ ಕೂಪನ್ ಬಳಸಿ 100ರ ರಿಯಾಯಿತಿ ಪಡೆದು, ಆಮೇಲೆ ಒಂದನ್ನು ಮಾತ್ರ ಹಿಂದಿರುಗಿಸಿದರೆ ಅವರಿಗೆ ಎಷ್ಟು ಮರಳಿಸಬೇಕು? ನಮ್ಮ ತಂಡ ರಿಯಾಯಿತಿಯನ್ನು ಮೂರೂ ವಸ್ತುಗಳಿಗೆ ಸಮನಾಗಿ ಹಂಚಿತ್ತು. ಬೆಲೆಯ ಅನುಪಾತದಲ್ಲಿ ಹಂಚಬೇಕಿತ್ತು ಎನ್ನುವುದು ಅವರ ವಾದ. ಅಷ್ಟೇ ಅಲ್ಲದೆ, ಉಳಿದ ಎರಡು ವಸ್ತುಗಳ ಮೊತ್ತ ಕೂಪನ್ನಿನ ಕನಿಷ್ಠ ಮಿತಿಗಿಂತ ಕೆಳಗಿಳಿದರೆ ರಿಯಾಯಿತಿಯನ್ನೇ ಕಡಿತ ಮಾಡಿಕೊಳ್ಳಬೇಕಿತ್ತಂತೆ. ಬೇಡಿಕೆಗಳ ದಾಖಲೆಯಲ್ಲಿ ಈ ಬಗ್ಗೆ ಇರುವುದು ಒಂದೇ ಸಾಲು: “ಭಾಗಶಃ ಹಿಂದಿರುಗಿಸಲು ಅವಕಾಶವಿರಬೇಕು.”

ಇದು ಹೊಸ ಬೇಡಿಕೆ ಎಂದು ನಾವು ಹೇಳುತ್ತಿದ್ದೇವೆ, ದೋಷ ಎಂದು ಅವರು ಹೇಳುತ್ತಿದ್ದಾರೆ. ಕೊನೆಯ ಕಂತನ್ನು ತಡೆಹಿಡಿದಿದ್ದಾರೆ. ಮೊದಲು ಒಂದು ಫೋನ್ ಕರೆಯಲ್ಲಿ ಮುಗಿಯುತ್ತಿದ್ದ ವಿಷಯಗಳಿಗೆ ಈಗ ಇಮೇಲ್ ಬರುತ್ತದೆ, ಅದರ ಪ್ರತಿ ಎರಡೂ ಕಡೆಯ ಮೇಲಧಿಕಾರಿಗಳಿಗೆಲ್ಲ ಹೋಗುತ್ತದೆ. ಈ ಒಂದು ಪ್ರಕರಣಕ್ಕೆ ಪರಿಹಾರವನ್ನು ನಾನು ಕೇಳುತ್ತಿಲ್ಲ, ಅದು ಹೇಗೋ ಇತ್ಯರ್ಥವಾದೀತು. ಇಂಥ ಸಂಬಂಧಗಳು ಕೆಲವು ಕಡೆ ವರ್ಷಗಟ್ಟಲೆ ಚೆನ್ನಾಗಿ ನಡೆಯುತ್ತವೆ, ಕೆಲವು ಕಡೆ ಮೊದಲ ಬಿಡುಗಡೆಗೂ ಮುನ್ನವೇ ಹಳಸುತ್ತವೆ. ಈ ವ್ಯತ್ಯಾಸಕ್ಕೆ ಕಾರಣವೇನು? ಬಿಗಿಯಾದ ಒಪ್ಪಂದವೇ, ಪರಸ್ಪರ ನಂಬಿಕೆಯೇ, ಅಥವಾ ಬೇರೇನಾದರೂ ಇದೆಯೇ?

ಷರತ್ತುಗಳು ಅನ್ವಯ:

“ಅವಕಾಶವಿರಬೇಕು” ಎಂಬ ಸಾಲನ್ನು ಯಾರೂ ಪರೀಕ್ಷಿಸಿ ನೋಡಲಾಗದು. ಅದಕ್ಕೆ ಎರಡೂ ಪಕ್ಷಗಳು ಸಹಿ ಹಾಕಿದ ದಿನವೇ ಈ ಜಗಳಕ್ಕೂ ಸಹಿ ಬಿದ್ದಿದೆ. ಪ್ರತಿ ಬೇಡಿಕೆಯ ಕೆಳಗೂ ಅಂಕಿಗಳನ್ನು ಹಾಕಿ ಬಿಡಿಸಿದ ಎರಡು ಮೂರು ಉದಾಹರಣೆಗಳಿರಬೇಕು: ಇಷ್ಟು ಬೆಲೆಯ ಇಷ್ಟು ವಸ್ತುಗಳು, ಇಷ್ಟು ರಿಯಾಯಿತಿ, ಇದನ್ನು ಹಿಂದಿರುಗಿಸಿದರೆ ಇಷ್ಟು ಮರುಪಾವತಿ. ಆ ಉದಾಹರಣೆಗಳನ್ನು ಕ್ಲೈಂಟ್ ಕಡೆಯವರೇ ಬರೆದುಕೊಡಬೇಕು. ಬರೆಯಲು ಕುಳಿತಾಗಲೇ ಅವರಲ್ಲಿ ಮಾರಾಟ ವಿಭಾಗಕ್ಕೂ ಲೆಕ್ಕಪತ್ರ ವಿಭಾಗಕ್ಕೂ ಒಮ್ಮತವಿಲ್ಲ ಎಂಬುದು ಗೊತ್ತಾಗುತ್ತದೆ.

ಒಪ್ಪಂದದಲ್ಲಿ ದೋಷ ಎಂದರೇನು ಎಂಬುದನ್ನೂ ಬರೆದಿರಬೇಕು. ಒಪ್ಪಿತ ದಾಖಲೆಯಲ್ಲಿರುವ ನಡವಳಿಕೆಗೆ ವ್ಯವಸ್ಥೆ ತಪ್ಪಿದರೆ ದೋಷ, ಉಳಿದದ್ದೆಲ್ಲ ಬದಲಾವಣೆ, ಎಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ವ್ಯಾಖ್ಯೆ. ಜೊತೆಗೆ ಕೊನೆಯ ಕಂತಿನ ಗಾತ್ರವನ್ನೂ ಯೋಚಿಸಿ. ಒಟ್ಟು ಮೊತ್ತದ ದೊಡ್ಡ ಪಾಲನ್ನು ಕೊನೆಗೆ ಇಟ್ಟುಕೊಂಡರೆ ಪೂರೈಕೆದಾರರ ಜುಟ್ಟು ಕ್ಲೈಂಟ್ ಕೈಯಲ್ಲಿರುತ್ತದೆ. ಏನನ್ನೂ ಉಳಿಸಿಕೊಳ್ಳದಿದ್ದರೆ ಪೂರೈಕೆದಾರರು ಕೊನೆಯ ದೋಷಗಳನ್ನು ಸರಿಪಡಿಸಲು ಆಸಕ್ತಿಯನ್ನೇ ತೋರುವುದಿಲ್ಲ.

ಮೇಜಿನ ಆ ಬದಿ:

ನಾನು ಸಾಫ್ಟ್‌ವೇರ್ ಕೊಳ್ಳುವ ಕಡೆಯಲ್ಲಿ ಇರುವವನು. ಷರತ್ತು ಅವರ ವ್ಯಾಖ್ಯೆಯನ್ನು ಓದುವಾಗ ಪೂರೈಕೆದಾರರಿಗೆ ಬಹಳ ಅನುಕೂಲವಾಗಿ ಕಾಣಬಹುದು, ಆದರೆ ಒಂದು ಮಾತು ಕೇಳುತ್ತೇನೆ. ಮಾರಾಟದ ಮಾತುಕತೆಗೆ ಬಂದಾಗ “ಚಿಲ್ಲರೆ ವ್ಯಾಪಾರದ ಕ್ಷೇತ್ರದಲ್ಲಿ ನಮಗೆ ಆಳವಾದ ಅನುಭವವಿದೆ” ಎಂದು ಸ್ಲೈಡ್‌ಗಳನ್ನು ತೋರಿಸಿದವರು ಯಾರು? ಆ ಅನುಭವ ನಿಜವಾಗಿದ್ದರೆ, ಕೂಪನ್ ಇರುವ ಆರ್ಡರ್‌ನಲ್ಲಿ ಭಾಗಶಃ ಹಿಂದಿರುಗಿಸುವಿಕೆ ಬಂದಾಗ ಏನು ಮಾಡಬೇಕು ಎಂಬ ಪ್ರಶ್ನೆ ಮೊದಲ ವಾರದಲ್ಲೇ ಅವರ ಬಾಯಿಂದ ಬರಬೇಕಿತ್ತು. ನಾವು ಬರೆಯದೆ ಬಿಟ್ಟದ್ದನ್ನು ಕೇಳಿ ತಿಳಿಯುವುದಕ್ಕೇ ಪರಿಣತರಿಗೆ ಹಣ ಕೊಡುವುದು. ಬರೆದಷ್ಟನ್ನೇ ಮಾಡಿಕೊಡುವುದಾದರೆ ನಮ್ಮಲ್ಲೇ ನಾಲ್ಕು ಜನರನ್ನು ನೇಮಿಸಿಕೊಳ್ಳುತ್ತಿದ್ದೆವು.

ಸಮನಾಗಿ ಹಂಚುವುದಂತೂ ವಿಚಿತ್ರ. ಮೂರರಲ್ಲಿ ಒಂದು ವಸ್ತುವಿನ ಬೆಲೆ 20 ಆಗಿದ್ದರೆ ಅದರ ಪಾಲಿನ ರಿಯಾಯಿತಿ 33.33. ಅದನ್ನು ಹಿಂದಿರುಗಿಸಿದವರಿಂದ ನಾವೇ ಹಣ ಕೇಳಬೇಕಾಗುತ್ತದೆ!

ಲೆಕ್ಕದ ಪುಸ್ತಕ:

ಮೇಲಾಗಿ 33.33ನ್ನು ಮೂರು ಸಲ ಕೂಡಿದರೆ 99.99. ಉಳಿದ 0.01 ಯಾವ ವಸ್ತುವಿನ ತಲೆಗೆ? ತಿಂಗಳ ಕೊನೆಯಲ್ಲಿ ಲೆಕ್ಕ ಹೊಂದಿಸುವವರಿಗೆ ಅದೇ ದೊಡ್ಡ ತಲೆನೋವು.

ಶೂನ್ಯದಿಂದ ಎಣಿಕೆ:

ಕೋಡ್ ಬರೆಯುವವಳಾಗಿ ಹೇಳುತ್ತೇನೆ. ಇಂಥ ಪ್ರಶ್ನೆಯನ್ನು ನಾವು ಕೇಳಿರುವುದಿಲ್ಲ ಎಂದು ಭಾವಿಸಬೇಡಿ. ಬಹುತೇಕ ಸಂದರ್ಭಗಳಲ್ಲಿ ಕೇಳಿರುತ್ತೇವೆ. ಆ ಟಿಕೆಟ್, ಅಂದರೆ ಪ್ರಶ್ನೆಯನ್ನು ದಾಖಲಿಸಿದ ನಮೂದು, “ಕ್ಲೈಂಟ್ ಉತ್ತರಕ್ಕೆ ಕಾಯಲಾಗುತ್ತಿದೆ” ಎಂಬ ಸ್ಥಿತಿಯಲ್ಲಿ ಕುಳಿತಿರುತ್ತದೆ, ಸ್ಪ್ರಿಂಟ್ (ಕೆಲವು ವಾರಗಳ ಕೆಲಸದ ಸುತ್ತು) ಮುಗಿಯುವ ಹೊತ್ತಿಗೆ ಡೆಮೊ ತೋರಿಸಬೇಕಾಗಿರುತ್ತದೆ, ಹಾಗಾಗಿ ಯಾವುದೋ ಒಂದು ಲೆಕ್ಕವನ್ನು ತಾತ್ಕಾಲಿಕವಾಗಿ ಹಾಕಿ ಮುಂದಕ್ಕೆ ಹೋಗುತ್ತೇವೆ. ಡೆಮೊ ನೋಡಿದವರು ಬಟನ್ನಿನ ಬಣ್ಣದ ಬಗ್ಗೆ ಅರ್ಧ ಗಂಟೆ ಮಾತನಾಡುತ್ತಾರೆ. ಮರುಪಾವತಿಯ ಅಂಕಿಯನ್ನು ಯಾರೂ ನೋಡುವುದಿಲ್ಲ. ತಾತ್ಕಾಲಿಕವಾದದ್ದು ಅಲ್ಲಿಂದಾಚೆಗೆ ಶಾಶ್ವತ. ಅರ್ಧವಿರಾಮ ಅವರೇ, ಟಿಕೆಟ್‌ಗಳನ್ನು ಇಡುವ ನಿಮ್ಮ ಟ್ರ್ಯಾಕರ್‌ನಲ್ಲಿ ಒಮ್ಮೆ ಹುಡುಕಿ ನೋಡುತ್ತೀರಾ?

ಅರ್ಧವಿರಾಮ:

ಹುಡುಕಿದೆ, ನೀವು ಹೇಳಿದಂತೆಯೇ ಇದೆ. ವಿನ್ಯಾಸದ ಹಂತದಲ್ಲೇ ಡೆವಲಪರ್ ಸ್ಪಷ್ಟವಾಗಿ ಕೇಳಿದ್ದಾರೆ: “ಆರ್ಡರ್ ಮಟ್ಟದ ರಿಯಾಯಿತಿಯನ್ನು ವಸ್ತುಗಳಿಗೆ ಹೇಗೆ ಹಂಚಬೇಕು?” ಅವರ ಕಡೆಯ ಪ್ರಾಡಕ್ಟ್ ಮ್ಯಾನೇಜರ್ “ಲೆಕ್ಕಪತ್ರದವರೊಂದಿಗೆ ಚರ್ಚಿಸಿ ತಿಳಿಸುತ್ತೇನೆ” ಎಂದು ಉತ್ತರಿಸಿದ್ದಾರೆ. ಆ ನಂತರ ಅವರನ್ನು ಬೇರೆ ವಿಭಾಗಕ್ಕೆ ಕಳುಹಿಸಲಾಯಿತು, ಬದಲಿಗೆ ಬಂದವರಿಗೆ ಈ ಟಿಕೆಟ್ ಇರುವುದೇ ತಿಳಿದಿಲ್ಲ.

ಮೇಜಿನ ಆ ಬದಿ:

ಹಾಗಿದ್ದರೆ ಲೆಕ್ಕಪತ್ರ ವಿಭಾಗಕ್ಕೆ ನೇರವಾಗಿ ಒಂದು ಕರೆ ಮಾಡುವುದಕ್ಕೆ ಏನು ಅಡ್ಡಿಯಿತ್ತು?

ಅರ್ಧವಿರಾಮ:

ಒಪ್ಪಂದವೇ ಅಡ್ಡಿಯಿತ್ತು. ಎಲ್ಲ ಸಂವಹನವೂ ಅವರು ಸೂಚಿಸಿದ ಏಕೈಕ ಸಂಪರ್ಕ ವ್ಯಕ್ತಿಯ ಮೂಲಕವೇ ನಡೆಯಬೇಕೆಂಬ ಷರತ್ತನ್ನು ಅವರೇ ಸೇರಿಸಿದ್ದರು. ಇತರ ಸಿಬ್ಬಂದಿಗೆ ತೊಂದರೆಯಾಗಬಾರದು ಎಂಬುದು ಅವರು ಕೊಟ್ಟ ಕಾರಣ.

ಹಳೆಯ ಟರ್ಮಿನಲ್:

ಈಗ ವಿಷಯ ಹದಕ್ಕೆ ಬಂತು. ಒಪ್ಪಂದ ಮತ್ತು ನಂಬಿಕೆ ಎರಡರ ಬಗ್ಗೆಯೂ ಜನ ಬಹಳ ಮಾತನಾಡುತ್ತಾರೆ. ತೀರ್ಮಾನ ಯಾರದು, ಅದು ಎಷ್ಟು ಬೇಗ ಬರುತ್ತದೆ, ತೀರ್ಮಾನಿಸಿದವರು ಬದಲಾದಾಗ ಅದು ಎಲ್ಲಿ ಉಳಿದಿರುತ್ತದೆ ಎಂಬ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ. ಈ ಉದ್ಯಮದಲ್ಲಿ ಬಹುಕಾಲ ಇದ್ದು ನಾನು ಕಂಡ ಮಟ್ಟಿಗೆ, ಯೋಜನೆಗಳು ಸೊರಗುವುದು ಕೋಡ್ ಬರೆಯುವ ವೇಗದಿಂದಲ್ಲ, ಉತ್ತರ ಸಿಗುವ ವೇಗದಿಂದ.

ಎಲ್ಲರಿಗೂ ತಿಳಿದ ಉದಾಹರಣೆ ಕೊಡುತ್ತೇನೆ. ಅಮೆರಿಕದ ಎಫ್‌ಬಿಐ ಸಂಸ್ಥೆ ತನ್ನ ಕಾಗದದ ಕಡತಗಳನ್ನು ಬಿಟ್ಟು ಕಂಪ್ಯೂಟರ್‌ಗೆ ಬರಲು ವರ್ಚುವಲ್ ಕೇಸ್ ಫೈಲ್ ಎಂಬ ವ್ಯವಸ್ಥೆಯನ್ನು ಹೊರಗಿನ ಪೂರೈಕೆದಾರರಿಂದ ಮಾಡಿಸಲು ಹೊರಟಿತು. ಸುಮಾರು 17 ಕೋಟಿ ಡಾಲರ್ ಖರ್ಚಾದ ಮೇಲೆ 2005ರಲ್ಲಿ ಅದನ್ನು ಕೈಬಿಡಲಾಯಿತು. ಆ ವ್ಯವಸ್ಥೆ ಟ್ರಿಲಜಿ ಎಂಬ ದೊಡ್ಡ ಯೋಜನೆಯ ಭಾಗವಾಗಿತ್ತು. ಅದನ್ನು ಪರಿಶೀಲಿಸಿದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವರದಿಯಲ್ಲಿ ನನ್ನ ಕಣ್ಣಿಗೆ ಬಿದ್ದ ಅಂಕಿ ಡಾಲರ್‌ಗಳದ್ದಲ್ಲ. ಯೋಜನೆಯ ಅವಧಿಯಲ್ಲಿ ಕ್ಲೈಂಟ್ ಕಡೆಯಲ್ಲಿ ಒಟ್ಟು 15 ಪ್ರಮುಖ ಐಟಿ ವ್ಯವಸ್ಥಾಪಕರು ಬಂದು ಹೋಗಿದ್ದರು. ಅವರಲ್ಲಿ 5 ಮಂದಿ ಮುಖ್ಯ ಮಾಹಿತಿ ಅಧಿಕಾರಿಗಳು, 10 ಮಂದಿ ಯೋಜನಾ ವ್ಯವಸ್ಥಾಪಕರು. ಬಂದವರಿಗೆಲ್ಲ ಬೇಡಿಕೆಗಳ ಬಗ್ಗೆ ತಮ್ಮದೇ ಆದ ಅಭಿಪ್ರಾಯವಿದ್ದರೆ ಪೂರೈಕೆದಾರರು ಎಷ್ಟೇ ಸಮರ್ಥರಾಗಿದ್ದರೂ ಏನು ಮಾಡಿಯಾರು?

ಕಂತು ಬಾಕಿ:

ಎಲ್ಲ ಕೇಳಿದ ಮೇಲೆ ನನಗನ್ನಿಸುವುದು, ಇದು ಮನೆ ಕಟ್ಟಿಸಿದ ಹಾಗೆ. ಗೋಡೆ ಎದ್ದ ಮೇಲೆ ಕಿಟಕಿಯನ್ನು ಆ ಕಡೆಗೆ ಸರಿಸಿ ಎಂದರೆ ಮೇಸ್ತ್ರಿ ಸುಮ್ಮನೆ ಮಾಡಿಕೊಡುತ್ತಾನೆಯೇ?

ಶೂನ್ಯದಿಂದ ಎಣಿಕೆ:

ಮನೆಯ ಹೋಲಿಕೆಯಿಲ್ಲದೆ ಇಂಥ ಒಂದು ಚರ್ಚೆಯೂ ಮುಗಿಯುವುದಿಲ್ಲವಲ್ಲ! ಗೋಡೆ ಎಲ್ಲಿದೆ ಎಂಬುದು ಕಟ್ಟಿಸುವವರ ಕಣ್ಣಿಗೆ ದಿನವೂ ಕಾಣುತ್ತದೆ. ರಿಯಾಯಿತಿಯನ್ನು ಹಂಚುವ ಸೂತ್ರ ಯಾವ ಪರದೆಯ ಮೇಲೂ ಕಾಣುವುದಿಲ್ಲ, ತಪ್ಪು ಲೆಕ್ಕ ಬಂದ ದಿನ ಮಾತ್ರ ಕಾಣುತ್ತದೆ. ಆ ಹೋಲಿಕೆ ನಮ್ಮ ಕೆಲಸದಲ್ಲಿ ಅತಿ ಕಷ್ಟವಾದ ಭಾಗವನ್ನೇ ಬಿಟ್ಟುಬಿಡುತ್ತದೆ.

ಸ್ಪ್ರಿಂಟ್ ಓಟ:

ಇಷ್ಟೆಲ್ಲ ತೊಂದರೆಗೂ ಮೂಲ ಮೊತ್ತ ನಿಗದಿಯಾದ ಒಪ್ಪಂದವೇ. ಮೊತ್ತ ಗಟ್ಟಿಯಾದ ಕ್ಷಣದಿಂದ ಕ್ಲೈಂಟ್‌ಗೆ ಆದಷ್ಟು ಹೆಚ್ಚು ಪಡೆಯುವ ಆಸೆ, ಪೂರೈಕೆದಾರರಿಗೆ ಆದಷ್ಟು ಕಡಿಮೆ ಮಾಡುವ ಆಸೆ. ಇಬ್ಬರೂ ಸಜ್ಜನರಾಗಿದ್ದರೂ ಲೆಕ್ಕಾಚಾರ ಅವರನ್ನು ಎದುರುಬದುರು ನಿಲ್ಲಿಸುತ್ತದೆ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಸಣ್ಣ ಸಣ್ಣ ಹಂತಗಳಲ್ಲಿ ಸಾಫ್ಟ್‌ವೇರ್ ಮಾಡುವ ಅಜೈಲ್ ವಿಧಾನದ ಪ್ರಣಾಳಿಕೆಯನ್ನು ಬರೆದಾಗ, ಒಪ್ಪಂದದ ಚೌಕಾಸಿಗಿಂತ ಗ್ರಾಹಕರ ಸಹಯೋಗಕ್ಕೆ ಹೆಚ್ಚು ಬೆಲೆ ಕೊಟ್ಟದ್ದು ಇದೇ ಕಾರಣಕ್ಕೆ. ಮಾಡಿದ ಕೆಲಸದ ಸಮಯಕ್ಕೆ ತಕ್ಕ ಹಣ ಎಂಬ ಪದ್ಧತಿಗೆ ಬನ್ನಿ, ಎರಡು ವಾರಕ್ಕೊಮ್ಮೆ ಕೆಲಸ ತೋರಿಸಿ, ಒಪ್ಪಂದವನ್ನು ಕಪಾಟಿನಲ್ಲಿಡಿ. ದೋಷವೋ ಬೇಡಿಕೆಯೋ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಷರತ್ತುಗಳು ಅನ್ವಯ:

ಪ್ರಣಾಳಿಕೆಯನ್ನು ಅರ್ಧ ಓದಿದರೆ ಹೀಗಾಗುತ್ತದೆ. ಬಲಬದಿಯಲ್ಲಿರುವ (ಒಪ್ಪಂದದ ಚೌಕಾಸಿಯಂಥ) ವಿಷಯಗಳಿಗೂ ಬೆಲೆಯಿದೆ, ಎಡಬದಿಯವಕ್ಕೆ (ಗ್ರಾಹಕರ ಸಹಯೋಗದಂಥವಕ್ಕೆ) ಹೆಚ್ಚು ಬೆಲೆ ಕೊಡುತ್ತೇವೆ ಎಂದು ಅದರ ಕೊನೆಯಲ್ಲಿ ಬರೆದವರೇ ಹೇಳಿದ್ದಾರೆ. ಒಪ್ಪಂದವನ್ನು ಕಪಾಟಿನಲ್ಲಿಡಲು ಅವರು ಹೇಳಿಲ್ಲ.

ಪ್ರಶ್ನೆ ಹುಟ್ಟುವುದಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಸಮಯಕ್ಕೆ ಹಣ ಕೊಡುವಾಗ ಪೂರೈಕೆದಾರರ ತಪ್ಪನ್ನು ಸರಿಪಡಿಸಿದ ಗಂಟೆಗಳಿಗೂ ಕ್ಲೈಂಟ್ ಹಣ ತೆರಬೇಕೇ? ಇನ್‌ವಾಯ್ಸ್‌ನಲ್ಲಿ ಆ ಗಂಟೆಗಳು ಕಾಣಿಸಿಕೊಂಡ ತಿಂಗಳು ಇದೇ ಜಗಳ ಬೇರೆ ಹೆಸರಿನಲ್ಲಿ ಬರುತ್ತದೆ.

ಲೆಕ್ಕದ ಪುಸ್ತಕ:

ಸ್ಪ್ರಿಂಟ್ ಅವರೇ, ಕ್ಲೈಂಟ್ ಸಂಸ್ಥೆಯೊಂದರ ಹಣಕಾಸು ವಿಭಾಗದಲ್ಲಿ ಕುಳಿತು ನೋಡಿ. ವರ್ಷದ ಆರಂಭದಲ್ಲಿ ಆಡಳಿತ ಮಂಡಳಿಯ ಮುಂದೆ ಒಂದು ಅಂಕಿಯನ್ನು ಇಟ್ಟು ಒಪ್ಪಿಗೆ ಪಡೆಯಬೇಕು. “ಎಷ್ಟಾಗುತ್ತದೋ ಗೊತ್ತಿಲ್ಲ, ಕೆಲಸ ನಡೆದಂತೆ ಕೊಡುತ್ತಾ ಹೋಗೋಣ” ಎಂದರೆ ಅಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ನಿಗದಿತ ಮೊತ್ತವನ್ನು ಕೇಳುವುದು ಜಿಪುಣತನದಿಂದಲ್ಲ.

ಆ ಅಂಕಿಯನ್ನು ಯಾವ ಹಂತದಲ್ಲಿ ಕೇಳುತ್ತೇವೆ ಎಂಬುದರಲ್ಲಿ ಮಾತ್ರ ಎಡವುತ್ತೇವೆ. ಸಾಫ್ಟ್‌ವೇರ್ ಎಂಜಿನಿಯರಿಂಗ್ ತಜ್ಞ ಬ್ಯಾರಿ ಬೋಮ್ 1981ರಲ್ಲೇ ತೋರಿಸಿದಂತೆ, ಯೋಜನೆಯ ಕಲ್ಪನೆ ಮಾತ್ರ ಇರುವ ಆರಂಭದ ಹಂತದಲ್ಲಿ ಹಾಕಿದ ಅಂದಾಜು ನಿಜವಾದ ಖರ್ಚಿನ ನಾಲ್ಕು ಪಟ್ಟು ಇರಬಹುದು, ನಾಲ್ಕನೆಯ ಒಂದು ಭಾಗವೂ ಇರಬಹುದು. ಬೇಡಿಕೆಗಳು ಮತ್ತು ವಿನ್ಯಾಸ ಸ್ಪಷ್ಟವಾಗುತ್ತಾ ಹೋದಂತೆ ಈ ಅಂತರ ಕಿರಿದಾಗುತ್ತದೆ. ನಾವೋ, ಅಂತರ ಅತಿ ದೊಡ್ಡದಾಗಿರುವ ದಿನವೇ ಟೆಂಡರ್ ಕರೆದು, ಬಂದ ಅಂಕಿಗಳಲ್ಲಿ ಅತಿ ಚಿಕ್ಕದಕ್ಕೆ ಸಹಿ ಹಾಕುತ್ತೇವೆ. ಅತಿ ಚಿಕ್ಕ ಅಂಕಿ ಬರುವುದು ಅತಿ ಸಮರ್ಥರಿಂದಲೇ ಎಂದೇನಿಲ್ಲ. ಕೆಲಸವನ್ನು ಎಲ್ಲರಿಗಿಂತ ಕಡಿಮೆ ಅರ್ಥ ಮಾಡಿಕೊಂಡವರಿಂದಲೂ ಬರುತ್ತದೆ.

ನಾವು ಈಗ ಒಪ್ಪಂದವನ್ನು ಎರಡು ತುಂಡು ಮಾಡುತ್ತಿದ್ದೇವೆ. ಮೊದಲನೆಯದು ಬರೀ ಅಧ್ಯಯನಕ್ಕೆ. ಅದಕ್ಕೆ ಪ್ರತ್ಯೇಕವಾಗಿ ಹಣ ಕೊಡುತ್ತೇವೆ. ಕೊನೆಯಲ್ಲಿ ಷರತ್ತು ಅವರು ಹೇಳಿದಂಥ ಅಂಕಿಸಹಿತ ಉದಾಹರಣೆಗಳು, ಪರದೆಗಳ ನಕ್ಷೆ ಮತ್ತು ಎರಡನೆಯ ತುಂಡಿನ ದರಪಟ್ಟಿ ಕೈಗೆ ಬರಬೇಕು. ಆ ದಾಖಲೆ ನಮ್ಮ ಸ್ವತ್ತು. ಅದನ್ನು ಹಿಡಿದುಕೊಂಡು ಬೇರೆಯವರ ಬಳಿ ಹೋಗುವ ಸ್ವಾತಂತ್ರ್ಯವೂ ನಮಗಿರುತ್ತದೆ. ಆ ಸ್ವಾತಂತ್ರ್ಯ ಇರುವುದರಿಂದಲೇ ಸಾಮಾನ್ಯವಾಗಿ ಬೇರೆಯವರ ಬಳಿ ಹೋಗುವ ಅಗತ್ಯ ಬೀಳುವುದಿಲ್ಲ.

ಸ್ಪ್ರಿಂಟ್ ಓಟ:

ಅಧ್ಯಯನಕ್ಕೆ ಹಣ ಕೊಡುವ ಕ್ಲೈಂಟ್‌ಗಳು ಎಲ್ಲಿದ್ದಾರೆ, ನನಗೂ ಸ್ವಲ್ಪ ತಿಳಿಸಿ. ನಮ್ಮ ಅನುಭವದಲ್ಲಿ ಅದನ್ನು ಮಾರಾಟದ ಖರ್ಚು ಎಂದು ಪುಕ್ಕಟೆಯಾಗಿಯೇ ನಿರೀಕ್ಷಿಸುತ್ತಾರೆ.

ಲೆಕ್ಕದ ಪುಸ್ತಕ:

ಪುಕ್ಕಟೆ ಅಧ್ಯಯನ ಎಂದರೆ ಎರಡು ಗಂಟೆಯ ಸಭೆ. ಅದರಿಂದ ಬರುವುದು “ಭಾಗಶಃ ಹಿಂದಿರುಗಿಸಲು ಅವಕಾಶವಿರಬೇಕು” ಎಂಬ ಸಾಲು.

ಮೇಜಿನ ಆ ಬದಿ:

ಮಾರಾಟದ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಮೊದಲ ಸಭೆಗೆ ಬರುವ ಅನುಭವಿಗಳು ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಮಾಯವಾಗುತ್ತಾರೆ. ಕೆಲಸಕ್ಕೆ ಬರುವವರು ಬೇರೆಯವರು. ಆದ್ದರಿಂದ ಮುಖ್ಯ ಸಿಬ್ಬಂದಿಯ ಹೆಸರುಗಳನ್ನು ಒಪ್ಪಂದದಲ್ಲೇ ಬರೆಸಿ, ನಮ್ಮ ಒಪ್ಪಿಗೆಯಿಲ್ಲದೆ ಅವರನ್ನು ಬದಲಿಸಬಾರದು ಎಂಬ ಷರತ್ತನ್ನು ನಾವು ಹಾಕುತ್ತೇವೆ.

ಮಾರಾಟದ ಮಾತುಗಳು ಬರೀ ಮಾತುಗಳಾಗಿ ಉಳಿಯುವುದಿಲ್ಲ ಎಂಬುದಕ್ಕೆ ಬ್ರಿಟನ್ನಿನಲ್ಲಿ 2010ರಲ್ಲಿ ತೀರ್ಪು ಬಂದ ಟಿವಿ ಸಂಸ್ಥೆ ಬಿಸ್ಕೈಬಿ ಮತ್ತು ಅದರ ಪೂರೈಕೆದಾರ ಸಂಸ್ಥೆ ಇಡಿಎಸ್ ನಡುವಿನ ಮೊಕದ್ದಮೆಯನ್ನು ನೋಡಿ. ಗ್ರಾಹಕ ಸೇವೆಯ ವ್ಯವಸ್ಥೆಯೊಂದನ್ನು ನಿರ್ದಿಷ್ಟ ಅವಧಿಯಲ್ಲಿ ಮುಗಿಸಬಲ್ಲೆವೆಂದು ಪೂರೈಕೆದಾರರ ಅಧಿಕಾರಿಯೊಬ್ಬರು ಸರಿಯಾದ ಲೆಕ್ಕಾಚಾರವಿಲ್ಲದೆಯೇ ಹೇಳಿದ್ದನ್ನು ನ್ಯಾಯಾಲಯ ವಂಚನೆ ಎಂದು ಪರಿಗಣಿಸಿತು. ಒಪ್ಪಂದದಲ್ಲಿ ಪರಿಹಾರದ ಮೊತ್ತಕ್ಕೆ 3 ಕೋಟಿ ಪೌಂಡ್‌ಗಳ ಮಿತಿಯಿತ್ತು, ಆದರೆ ವಂಚನೆಗೆ ಆ ಮಿತಿ ಅನ್ವಯಿಸಲಿಲ್ಲ. ಕೊನೆಗೆ 31.8 ಕೋಟಿ ಪೌಂಡ್‌ಗಳಿಗೆ ರಾಜಿಯಾಯಿತು. ಆ ಅಧಿಕಾರಿಯ ಎಂಬಿಎ ಪದವಿ ಅಸಲಿಯಲ್ಲ ಎಂದು ತೋರಿಸಲು ಎದುರು ಪಕ್ಷದ ವಕೀಲರು ಅದೇ ಸಂಸ್ಥೆಯಿಂದ ಒಂದು ನಾಯಿಗೆ ಅದೇ ಪದವಿಯನ್ನು ಕೊಡಿಸಿದರು. ನಾಯಿಗೆ ಅಂಕಗಳೂ ಹೆಚ್ಚು ಬಂದಿದ್ದವು.

ಕಂತು ಬಾಕಿ:

ಆ ನಾಯಿಯನ್ನು ನಮ್ಮ ಮುಂದಿನ ಯೋಜನೆಯ ಮುಖ್ಯ ಸಿಬ್ಬಂದಿಯ ಪಟ್ಟಿಗೆ ಸೇರಿಸಿಕೊಳ್ಳಬಹುದೇ?

ಶೂನ್ಯದಿಂದ ಎಣಿಕೆ:

ಹೆಸರು ಬರೆಸುವ ಷರತ್ತು ಕಾಗದದ ಮೇಲೆ ಚೆನ್ನಾಗಿದೆ, ಆದರೆ ಜನ ಕೆಲಸ ಬಿಡುತ್ತಾರೆ, ರಜೆ ಹೋಗುತ್ತಾರೆ. ಬದಲಿಗೆ ಬಂದವರು ಕೆಲಸ ಕಲಿಯುವ ದಿನಗಳ ಖರ್ಚು ಯಾರದು ಎಂದು ಬರೆಸುವುದು ಹೆಚ್ಚು ಉಪಯುಕ್ತ. ಇದೇ ಷರತ್ತು ಕ್ಲೈಂಟ್ ಕಡೆಗೂ ಇರಬೇಕಲ್ಲವೇ? ಅರ್ಧವಿರಾಮ ಅವರ ಯೋಜನೆಯಲ್ಲಿ ಬದಲಾದದ್ದು ಅವರ ಕಡೆಯ ಡೆವಲಪರ್ ಅಲ್ಲ.

ಮೇಜಿನ ಆ ಬದಿ:

ಆ ಮಾತನ್ನು ಒಪ್ಪುತ್ತೇನೆ. ನಮ್ಮಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಬದಲಾದಾಗ ಬಾಕಿ ಪ್ರಶ್ನೆಗಳ ಪಟ್ಟಿಯನ್ನು ಪೂರೈಕೆದಾರರ ಎದುರಿನಲ್ಲೇ ಹಸ್ತಾಂತರಿಸುವ ಪದ್ಧತಿ ಇಲ್ಲ. ಇರಬೇಕು.

ಹಳೆಯ ಟರ್ಮಿನಲ್:

ದಾಖಲೆ ಸರಿಯಾಗಿದ್ದರೆ ಎಲ್ಲವೂ ಸರಿ ಎಂಬ ಭಾವನೆ ಈ ಚರ್ಚೆಯಲ್ಲಿ ಮೂಡುತ್ತಿರುವುದರಿಂದ ಇನ್ನೊಂದು ಉದಾಹರಣೆ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ಗ್ರಹವನ್ನು ತಲುಪುವಾಗ ಕಳೆದುಹೋಯಿತು. ಪೂರೈಕೆದಾರ ಸಂಸ್ಥೆ ಬರೆದ ಭೂನಿಯಂತ್ರಣದ ಸಾಫ್ಟ್‌ವೇರ್ ಎಂಜಿನ್ ನೂಕುಬಲದ ಲೆಕ್ಕವನ್ನು ಪೌಂಡ್ ಮಾನದಲ್ಲಿ ಕೊಡುತ್ತಿತ್ತು, ಅದನ್ನು ಓದುವ ನಾಸಾದ ತಂಡ ನ್ಯೂಟನ್ ಮಾನ ಎಂದುಕೊಂಡಿತ್ತು. ಎರಡರ ನಡುವಿನ ವ್ಯತ್ಯಾಸ ಸುಮಾರು 4.45 ಪಟ್ಟು. ಇಲ್ಲಿ ಯಾವ ಅಸ್ಪಷ್ಟತೆಯೂ ಇರಲಿಲ್ಲ. ಮೆಟ್ರಿಕ್ ಮಾನವನ್ನೇ ಬಳಸಬೇಕೆಂದು ಇಂಟರ್‌ಫೇಸ್ ದಾಖಲೆಯಲ್ಲಿ, ಅಂದರೆ ಎರಡು ಕಡೆಯ ನಡುವೆ ಮಾಹಿತಿ ಯಾವ ರೂಪದಲ್ಲಿ ಹೋಗಬೇಕೆಂದು ಹೇಳುವ ದಾಖಲೆಯಲ್ಲಿ, ಬರೆದಿತ್ತು.

ನೌಕೆಯ ಪಥದಲ್ಲಿ ಏನೋ ಹೊಂದುತ್ತಿಲ್ಲ ಎಂಬ ಅನುಮಾನ ಪಥ ನಿರ್ಣಯದ ತಂಡಕ್ಕೆ ಮೊದಲೇ ಬಂದಿತ್ತು. ಆದರೆ ಆ ಅನುಮಾನ ಅನೌಪಚಾರಿಕವಾಗಿಯೇ ಸುತ್ತಾಡಿತೇ ಹೊರತು, ದೂರು ದಾಖಲಿಸುವ ಅಧಿಕೃತ ವ್ಯವಸ್ಥೆಯ ಮೂಲಕ ಉತ್ತರ ಸಿಗುವವರೆಗೂ ಯಾರೂ ಅದರ ಬೆನ್ನು ಹತ್ತಲಿಲ್ಲ. ತನಿಖೆಯ ನಂತರ ನಾಸಾ ಪೂರೈಕೆದಾರರ ಮೇಲೆ ಪೂರ್ತಿ ಹೊಣೆ ಹೊರಿಸಲಿಲ್ಲ, ತಪ್ಪನ್ನು ಹಿಡಿಯಬೇಕಿದ್ದ ತನ್ನ ಪರಿಶೀಲನೆಯೇ ವಿಫಲವಾಯಿತೆಂದು ಹೇಳಿತು. ಪೂರೈಕೆದಾರರಿಂದ ಬಂದ ಮೊದಲ ಫೈಲನ್ನು ತೆರೆದು, ಒಂದು ಸಾಲನ್ನು ಕೈಯಿಂದ ಲೆಕ್ಕ ಹಾಕಿ ನೋಡುವ ಒಬ್ಬ ವ್ಯಕ್ತಿ ಕ್ಲೈಂಟ್ ಕಡೆಯಲ್ಲಿ ಇರಲೇಬೇಕು.

ಮೌನ ಓದುಗ:

ಸಾಮಾನ್ಯವಾಗಿ ಓದುವುದಷ್ಟೇ ನನ್ನ ಅಭ್ಯಾಸ, ಆದರೆ ಒಂದು ವಿಷಯ ಯಾರೂ ಹೇಳದ ಕಾರಣ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಜಗಳವನ್ನೇ ಸಮಸ್ಯೆ ಎಂದುಕೊಂಡಿದ್ದೀರಿ. ಜಗಳವೇ ಇಲ್ಲದ ಸಂಬಂಧ ಇನ್ನೂ ಅಪಾಯಕಾರಿಯಾಗಬಹುದು. ಬ್ರಿಟನ್ನಿನ ಅಂಚೆ ಕಚೇರಿ ಸಂಸ್ಥೆ 1999ರಿಂದ ಫುಜಿತ್ಸು ಪೂರೈಸಿದ ಹೊರೈಜನ್ ಎಂಬ ಲೆಕ್ಕಪತ್ರ ವ್ಯವಸ್ಥೆಯನ್ನು ಬಳಸಿತು. ಶಾಖೆಗಳ ಲೆಕ್ಕದಲ್ಲಿ ಹಣ ಕಡಿಮೆಯಾದಂತೆ ತೋರಿದಾಗಲೆಲ್ಲ ಅನುಮಾನ ಬಿದ್ದದ್ದು ಶಾಖೆ ನಡೆಸುವವರ ಮೇಲೆ. ವ್ಯವಸ್ಥೆ ಭದ್ರವಾಗಿದೆ ಎಂದು ಕ್ಲೈಂಟ್ ಮತ್ತು ಪೂರೈಕೆದಾರರು ವರ್ಷಗಟ್ಟಲೆ ಒಂದೇ ಸ್ವರದಲ್ಲಿ ಹೇಳುತ್ತಾ ಬಂದರು. 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು, ಕೆಲವರು ಜೈಲು ಸೇರಿದರು. ವ್ಯವಸ್ಥೆಯಲ್ಲಿ ದೋಷಗಳಿದ್ದವು ಎಂದು 2019ರಲ್ಲಿ ಉಚ್ಚ ನ್ಯಾಯಾಲಯ ಹೇಳಿತು. 2024ರಲ್ಲಿ ಸಂಸತ್ತು ಕಾನೂನು ಮಾಡಿ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು.

ಅರ್ಧವಿರಾಮ ಅವರ ಕ್ಲೈಂಟ್ ಕಡೆಯ ಲೆಕ್ಕಪತ್ರ ವಿಭಾಗದವರು ತಪ್ಪನ್ನು ಪರೀಕ್ಷೆಯ ಹಂತದಲ್ಲೇ ಹಿಡಿದು ಜಗಳ ತೆಗೆದದ್ದು ಒಳ್ಳೆಯದೇ ಆಯಿತು. ಅವರು ಸುಮ್ಮನಿದ್ದಿದ್ದರೆ ತಪ್ಪು ಮರುಪಾವತಿಯ ಹೊರೆ ಈ ಮಾತುಕತೆಯಲ್ಲಿ ಇಲ್ಲದ ಖರೀದಿದಾರರ ಮೇಲೆ ಬೀಳುತ್ತಿತ್ತು.

ಷರತ್ತುಗಳು ಅನ್ವಯ:

ಮೌನ ಓದುಗ ಅವರೇ, ಇನ್ನೂ ಹೆಚ್ಚಾಗಿ ಬರೆಯಿರಿ.

ಕಂತು ಬಾಕಿ:

ನಾನು ಒಬ್ಬನೇ ಕೆಲಸ ಮಾಡುವವನು, ನಿಮ್ಮಂತೆ ಕಾನೂನು ವಿಭಾಗ ನನಗಿಲ್ಲ. ನನ್ನ ಕ್ಲೈಂಟ್‌ಗಳೊಂದಿಗೆ ಸಂಬಂಧ ಕೆಡುವುದು ಸೋರ್ಸ್ ಕೋಡ್ ವಿಷಯದಲ್ಲಿ. ಹಣ ಕೊಟ್ಟ ಮೇಲೆ ಕೋಡ್ ತಮ್ಮದೇ ಎಂದು ಅವರು ಭಾವಿಸಿರುತ್ತಾರೆ. ಹಣ ಬರದ ಕಾರಣ ನಾನು ರಿಪಾಸಿಟರಿಯನ್ನು (ಕೋಡ್ ಇಟ್ಟಿರುವ ಸಂಗ್ರಹವನ್ನು) ಕೊಟ್ಟಿರುವುದಿಲ್ಲ. ಒಬ್ಬ ಕ್ಲೈಂಟ್ ಅಂತೂ ಸರ್ವರ್‌ನ ಪಾಸ್‌ವರ್ಡ್ ಕೊಡುವವರೆಗೂ ಕಂತು ಇಲ್ಲ ಎಂದರು, ಕಂತು ಬರುವವರೆಗೂ ಪಾಸ್‌ವರ್ಡ್ ಇಲ್ಲ ಎಂದು ನಾನೂ ಪಟ್ಟು ಹಿಡಿದೆ.

ಷರತ್ತುಗಳು ಅನ್ವಯ:

ಹಣ ಕೊಟ್ಟ ಮಾತ್ರಕ್ಕೆ ಕೋಡ್ ತಮ್ಮದಾಗುತ್ತದೆ ಎಂಬುದು ಬಹಳ ಕ್ಲೈಂಟ್‌ಗಳಲ್ಲಿರುವ ತಪ್ಪು ತಿಳಿವಳಿಕೆ. ಸ್ವತಂತ್ರ ಗುತ್ತಿಗೆದಾರರು ಬರೆದ ಕೋಡ್‌ನ ಹಕ್ಕು, ಲಿಖಿತ ವರ್ಗಾವಣೆ ಇಲ್ಲದಿದ್ದರೆ, ಹಲವು ದೇಶಗಳ ಕಾನೂನಿನಲ್ಲಿ ಬರೆದವರ ಬಳಿಯೇ ಉಳಿಯುತ್ತದೆ. ಕ್ಲೈಂಟ್‌ಗೆ ಬಳಸುವ ಅನುಮತಿ ಮಾತ್ರ ಸಿಗಬಹುದು. ಆದ್ದರಿಂದ ಹಕ್ಕು ಯಾವ ಕಂತಿನೊಂದಿಗೆ ವರ್ಗವಾಗುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ. ರಿಪಾಸಿಟರಿ, ಡೊಮೇನ್, ಸರ್ವರ್ ಖಾತೆಗಳನ್ನು ಮೊದಲ ದಿನದಿಂದಲೇ ಕ್ಲೈಂಟ್ ಹೆಸರಿನಲ್ಲಿ ತೆರೆಸಿ, ನಿಮಗೆ ಪ್ರವೇಶವಿರಲಿ. ಕೋಡ್ ಅವರ ಖಾತೆಯಲ್ಲಿದ್ದರೂ ಹಕ್ಕು ನಿಮ್ಮಲ್ಲೇ ಇರಬಹುದು, ಎರಡೂ ಬೇರೆ ಬೇರೆ ಸಂಗತಿಗಳು. ನಂತರ ನಿಮ್ಮ ಹಣಕ್ಕೆ ಸಣ್ಣ ಕಂತುಗಳೇ ಕಾವಲು, ಪಾಸ್‌ವರ್ಡ್ ಅಲ್ಲ.

ಕಂತು ಬಾಕಿ:

ಸಣ್ಣ ಕಂತುಗಳ ಮಾತು ಸರಿ. ಕ್ಲೈಂಟ್ ಹೆಸರಿನ ಖಾತೆಯ ಮಾತನ್ನು ನಾನು ಇನ್ನೂ ಒಪ್ಪಿಲ್ಲ. ಹಕ್ಕಿನ ಹೆಸರಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತುವಷ್ಟು ಶಕ್ತಿ ಒಬ್ಬಂಟಿ ಡೆವಲಪರ್‌ಗೆ ಎಲ್ಲಿಂದ ಬರಬೇಕು?

ಅರ್ಧವಿರಾಮ:

ಎಲ್ಲರ ಮಾತುಗಳನ್ನೂ ಓದಿ, ಇಂದು ಅವರ ಹೊಸ ಪ್ರಾಡಕ್ಟ್ ಮ್ಯಾನೇಜರ್ ಜೊತೆ ಇಮೇಲ್ ಬಿಟ್ಟು ಫೋನಿನಲ್ಲೇ ಮಾತನಾಡಿದೆ. ಹಳೆಯ ಟಿಕೆಟನ್ನು ತೋರಿಸಿದಾಗ ಅವರ ಧಾಟಿ ಬದಲಾಯಿತು. ಅನುಪಾತದ ಹಂಚಿಕೆಯನ್ನು ನಾವು ಹೆಚ್ಚುವರಿ ಹಣವಿಲ್ಲದೆ ಮಾಡಿಕೊಡುವುದು, ಕನಿಷ್ಠ ಮಿತಿಯ ನಿಯಮವನ್ನು ಬದಲಾವಣೆ ಎಂದು ಪರಿಗಣಿಸುವುದು ಎಂಬಲ್ಲಿಗೆ ಮಾತು ಬಂದಿದೆ. ಲೆಕ್ಕಪತ್ರದವರು ಐದು ಉದಾಹರಣೆಗಳನ್ನು ಅಂಕಿಸಹಿತ ಬರೆದುಕೊಡಲು ಒಪ್ಪಿದ್ದಾರೆ.

ಉಳಿದ ಬಾಕಿ ಪ್ರಶ್ನೆಗಳಿಗಾಗಿ ಒಂದು ಪಟ್ಟಿ ಮಾಡಿದ್ದೇನೆ. ಪ್ರತಿ ಪ್ರಶ್ನೆಯ ಮುಂದೆ ತೀರ್ಮಾನಿಸಬೇಕಾದ ವ್ಯಕ್ತಿಯ ಹೆಸರು, ಉತ್ತರ ಬೇಕಾದ ದಿನಾಂಕ, ಅಂದಿಗೆ ಉತ್ತರ ಬರದಿದ್ದರೆ ನಾವು ಏನೆಂದು ಊಹಿಸಿಕೊಂಡು ಮುಂದುವರಿಯುತ್ತೇವೆ ಎಂಬ ವಿವರ ಇದೆ. ಇದನ್ನು ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸಲು ಕೇಳಬೇಕೆಂದಿದ್ದೇನೆ.

ಮೇಜಿನ ಆ ಬದಿ:

ಕೊನೆಯ ಕಾಲಮ್ಮಿಗೆ ನಾನಾಗಿದ್ದರೆ ಸಹಿ ಹಾಕುವುದಿಲ್ಲ. ಪರದೆಯ ವಿನ್ಯಾಸ, ಪದಗಳ ಆಯ್ಕೆ, ವರದಿಯ ಕಾಲಮ್ಮುಗಳ ಕ್ರಮ ಇವುಗಳಲ್ಲಿ ನಮ್ಮ ಮೌನವನ್ನು ಒಪ್ಪಿಗೆ ಎಂದುಕೊಳ್ಳಿ, ಅಡ್ಡಿಯಿಲ್ಲ. ಹಣದ ಲೆಕ್ಕ, ತೆರಿಗೆ, ಖರೀದಿದಾರರ ಖಾಸಗಿ ಮಾಹಿತಿ ಇವುಗಳಲ್ಲಿ ಊಹೆಗೆ ಅವಕಾಶವೇ ಇರಬಾರದು. ಅಲ್ಲಿ ಉತ್ತರ ಬರದಿದ್ದರೆ ಆ ಭಾಗದ ಕೆಲಸ ನಿಲ್ಲಬೇಕು, ನಿಂತ ದಿನಗಳಷ್ಟು ಗಡುವು ಮುಂದಕ್ಕೆ ಹೋಗಬೇಕು, ನಿಂತದ್ದು ನಮ್ಮ ಮೇಲಧಿಕಾರಿಗಳಿಗೆ ಅದೇ ದಿನ ತಿಳಿಯಬೇಕು.

ಶೂನ್ಯದಿಂದ ಎಣಿಕೆ:

ಗಡುವು ಮುಂದಕ್ಕೆ ಹೋದರೆ ಸಾಲದು. ನಿಂತ ದಿನಗಳಲ್ಲಿ ಖಾಲಿ ಕುಳಿತ ತಂಡದ ಸಂಬಳ ಯಾರದು ಎಂಬುದನ್ನೂ ಅದೇ ಅನುಬಂಧದಲ್ಲಿ ಬರೆಸಿ. ಇಲ್ಲವಾದರೆ ನಮ್ಮ ಮೇಲಧಿಕಾರಿಗಳೇ “ಊಹಿಸಿ ಮುಂದುವರಿಯಿರಿ” ಎಂದು ಒತ್ತಾಯಿಸುತ್ತಾರೆ, ತಂಡ ಮತ್ತೆ ಯಾವುದೋ ಒಂದು ತಾತ್ಕಾಲಿಕ ಸೂತ್ರ ಬರೆಯುತ್ತದೆ.

ಅರ್ಧವಿರಾಮ:

ಹಣಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಪ್ರತ್ಯೇಕ ಪಟ್ಟಿಗೆ ಸರಿಸುತ್ತಿದ್ದೇನೆ, ಅದರಲ್ಲಿ ಊಹೆಯ ಕಾಲಮ್ ಇರುವುದಿಲ್ಲ. ಖಾಲಿ ದಿನಗಳ ಸಂಬಳದ ಮಾತನ್ನು ಕೊನೆಯ ಕಂತು ಬಂದ ಮೇಲೆ ಎತ್ತುವುದೋ, ಈಗಲೇ ಎತ್ತುವುದೋ ಎಂಬುದು ಮಾತ್ರ ಗೊತ್ತಾಗುತ್ತಿಲ್ಲ.

ಕಂತು ಬಾಕಿ:

ಕಂತು ಬಂದ ಮೇಲೆ!

ಲೆಕ್ಕದ ಪುಸ್ತಕ:

ಈಗಲೇ ಎತ್ತಿ. ಕಂತು ಕೈಗೆ ಬಂದ ಮರುದಿನ ಹೊಸ ಷರತ್ತು ತಂದವರನ್ನು ಹಣಕಾಸು ವಿಭಾಗದಲ್ಲಿ ಯಾರೂ ಎರಡನೆಯ ಸಲ ನಂಬುವುದಿಲ್ಲ.